ಹಾಡಿದವರ ಒಪ್ಪಿಗೆ

ಎಂ.ಎ. ವಿದ್ಯಾರ್ಥಿಯೊಬ್ಬ ಕಿರುಪ್ರಬಂಧಕ್ಕಾಗಿ ಮಂಟೇಸ್ವಾಮಿ ಕಾವ್ಯವನ್ನು ಸಂಗ್ರಹಿಸಲು ಮೈಸೂರು ಸೀಮೆಯ ನೀಲಗಾರರೊಬ್ಬರ ಮನೆಗೆ ಹೋಗುತ್ತಾನೆಂದು ಭಾವಿಸೋಣ. ಬರೆದುಕೊಳ್ಳಬೇಕೇ, ಧ್ವನಿಮುದ್ರಿಸಬೇಕೇ ಎಂಬುದು ಅವನಿಗೆ ಬರಿಯ ಅನುಕೂಲದ ಪ್ರಶ್ನೆಯಾಗಿ ತೋರಬಹುದು. ಆದರೆ ವಿಧಾನದ ಆಯ್ಕೆಯಲ್ಲಿಯೇ ನೀತಿಯ ಪ್ರಶ್ನೆಯೂ ಅಡಗಿದೆ. ಬರೆದುಕೊಳ್ಳಲೆಂದು ಸಾಲುಸಾಲಿಗೂ ನಿಲ್ಲಿಸಿ ಹೇಳಿಸಿದರೆ ಹಾಡಿನ ಲಯ ಮುರಿಯುತ್ತದೆ. ತಂಬೂರಿ, ಗಗ್ಗರಗಳ ನಾದ ಕಾಗದಕ್ಕೆ ಇಳಿಯದು. ಧ್ವನಿಮುದ್ರಣದಲ್ಲಿ ಅವು ಉಳಿಯುವುದೇನೋ ನಿಜ. ಆದರೆ ಹಾಡಿದವರ ದನಿ ಅವರ ಕೈಮೀರಿ ಹೋಗುತ್ತದೆ. ಅದನ್ನು ಯಾರು ಕೇಳುವರು, ಎಲ್ಲಿ ಬಳಸುವರು ಎಂದು ಮೊದಲೇ ತಿಳಿಸದೆ ಪಡೆದ ‘ಆಗಲಿ’ ಎಂಬ ಮಾತು ಒಪ್ಪಿಗೆಯಲ್ಲ, ದಾಕ್ಷಿಣ್ಯ.

ವೈದ್ಯಕೀಯ ಪ್ರಯೋಗಗಳನ್ನು ಕುರಿತ 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಸೂತ್ರವೇ ಸ್ವಇಚ್ಛೆಯ ಸಮ್ಮತಿ. ದೇಹಕ್ಕೆ ಸಲ್ಲುವ ಈ ಮರ್ಯಾದೆ ದನಿಗೂ ಸಲ್ಲಬೇಡವೇ?

ಆದುದರಿಂದ ಯೋಜನೆಯನ್ನು ಬರೆಯುವಾಗಲೇ ವಿದ್ಯಾರ್ಥಿಯು ಮೂರು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಬೇಕು: ಉದ್ದೇಶವನ್ನು ಹಾಡುಗಾರರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು, ಹೆಸರನ್ನು ಪ್ರಕಟಿಸಬೇಕೇ ಎಂದು ಅವರನ್ನೇ ಕೇಳುವುದು, ಮುಗಿದ ಪ್ರಬಂಧದ, ಧ್ವನಿಮುದ್ರಣದ ಪ್ರತಿಗಳನ್ನು ಅವರಿಗೆ ಮುಟ್ಟಿಸುವುದು. ಅವರು ‘ಬೇಡ’ ಎಂದರೆ ಯಂತ್ರವನ್ನು ನಿಲ್ಲಿಸಿ, ಬೇಕಾದರೆ ವಿಷಯವನ್ನೇ ಬದಲಿಸಲು ಸಿದ್ಧನಿರಬೇಕು. ಅದಕ್ಕೂ ಯೋಜನೆಯಲ್ಲಿ ಕಾಲಾವಕಾಶವಿರಲಿ.