ಅನುಪಾತದ ಸಂಕ್ಷೇಪ

ಅನುಪಾತವನ್ನು ಸಂಕ್ಷೇಪಿಸುವುದೆಂದರೆ ಸಂಖ್ಯೆಗಳನ್ನು ಚಿಕ್ಕವಾಗಿಸುವುದೆಂದು ಪ್ರೌಢಶಾಲೆಯ ಮಕ್ಕಳು ಅನೇಕರು ಭಾವಿಸಿರುವರು. ಅಷ್ಟರಿಂದಲೇ ಸಾಲದು, ಯಾವ ರೀತಿಯಿಂದ ಚಿಕ್ಕವಾಗಿಸಬೇಕೆಂಬುದರಲ್ಲಿಯೇ ನ್ಯಾಯವಡಗಿದೆ.

ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಮೂವರು ವರ್ತಕರ ಲೆಕ್ಕವೊಂದುಂಟು. ಅವರು ಹೂಡಿದ ಮೂಲಧನವು ಕ್ರಮವಾಗಿ 51, 68, 85. ವ್ಯಾಪಾರದಿಂದ ಮೂಲಸಹಿತ ಒಟ್ಟು 300 ಆಯಿತು. ಯಾರಿಗೆಷ್ಟು ಸಲ್ಲತಕ್ಕದ್ದು? ಈ ಸಂಖ್ಯೆಗಳಿಗೆ ಸಾಮಾನ್ಯ ಭಾಜಕವಿದೆಯೆಂದು ಮೇಲುನೋಟಕ್ಕೆ ತೋರದು. ಎರಡು, ಮೂರು, ಐದು ಎಂದು ಪ್ರಯತ್ನಿಸಿ ಬೇಸತ್ತ ಬಾಲಕನಿಗೆ ನಾವು ಹೇಳುವುದಿಷ್ಟೆ: 68ರಲ್ಲಿ 51ನ್ನು ಕಳೆದು ನೋಡು. ಉಳಿಯುವುದು 17. ಎರಡು ಸಂಖ್ಯೆಗಳನ್ನು ಭಾಗಿಸುವ ಭಾಜಕವು ಅವುಗಳ ಅಂತರವನ್ನೂ ಭಾಗಿಸಲೇಬೇಕಷ್ಟೆ. ಪರೀಕ್ಷಿಸಿದರೆ ಹದಿನೇಳು ಮೂರನ್ನೂ ನಿಶ್ಶೇಷವಾಗಿ ಭಾಗಿಸುವುದು. 3 : 4 : 5 ದೊರೆಯುವುದು. ಒಟ್ಟು ಪಾಲು 12, ಪಾಲೊಂದಕ್ಕೆ 25; ಆದಕಾರಣ 75, 100, 125. ಈ ಕ್ರಿಯೆಯನ್ನು ಪ್ರಾಚೀನರು ‘ಅಪವರ್ತನ’ವೆಂದರು. ಇಂದಿನ ಶಾಲೆಯ ಮ.ಸಾ.ಅ. ಎಂಬುದರ ಕೊನೆಯ ಅಕ್ಷರವು ಅದೇ.

ಆದರೆ ಕಳೆಯುವುದು ಭಾಜಕವನ್ನು ಹುಡುಕುವುದಕ್ಕೆ ಮಾತ್ರ. ಮೂರರಲ್ಲಿಯೂ 50 ಕಳೆದು 1 : 18 : 35 ಎಂದು ಬರೆದರೆ, 51 ಹಾಕಿದ ವರ್ತಕನಿಗೆ ಆರು ಕೂಡ ದಕ್ಕದು; ಲಾಭದ ವ್ಯಾಪಾರದಲ್ಲಿ ಪಾಪ, ಮೂಲಧನವನ್ನೇ ಕಳೆದುಕೊಂಡಾನು!

ಮಾನವೂ ಒಂದೇ ಆಗಿರಬೇಕು. ಒಂದು ಕಿಲೋ ಅಕ್ಕಿಗೂ 250 ಗ್ರಾಂ ಉದ್ದಿಗೂ ಇರುವ ಅನುಪಾತ 1 : 250 ಅಲ್ಲ, 4 : 1. ಅಡುಗೆಮನೆಯಲ್ಲಿ ತಾಯಂದಿರು ಈ ತಪ್ಪು ಮಾಡಿದ್ದನ್ನು ನಾವು ಕಂಡಿಲ್ಲ. ಅವರ ಮಕ್ಕಳು ಉತ್ತರಪತ್ರಿಕೆಯಲ್ಲಿ ಮಾಡುವರು.