ಕಂಬಂ ಕಣಿವೆಯಲ್ಲಿ ಮೂರು ದಿನ

ಕಾಸರಗೋಡು ಕಡೆಯಿಂದ ತೇಕ್ಕಡಿಗೆ ಹೋಗಿ ಬಂದವರು ನಮ್ಮಲ್ಲಿ ಕಡಿಮೆಯಿಲ್ಲ. ದೋಣಿಯಲ್ಲಿ ಒಂದು ಸುತ್ತು, ಆನೆ ಕಂಡರೆ ಕಂಡಿತು, ಕಾಣದಿದ್ದರೆ ಏಲಕ್ಕಿ, ಕಾಳುಮೆಣಸು ಕಟ್ಟಿಸಿಕೊಂಡು ಕುಮಳಿಯಿಂದ ಹಿಂದಿರುಗುವುದು ರೂಢಿ. ಅದೇ ಕುಮಳಿಯ ಪೇಟೆಯಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆದರೆ ತಮಿಳುನಾಡು. ಅಲ್ಲಿಂದ ಬಸ್ಸು ಹಿಡಿದು ಘಾಟಿ ಇಳಿದರೆ ಕಂಬಂ ಕಣಿವೆ. ಆ ಕಣಿವೆಯ ಊರುಗಳಲ್ಲಿ ಇಂದಿಗೂ ಅಡುಗೆಮನೆಯ ಮಾತು ಕನ್ನಡವಾಗಿರುವ ಮನೆಗಳು ಎಷ್ಟೋ ಇವೆ ಎಂಬುದು ನಮ್ಮವರಿಗೆ ಗೊತ್ತಿಲ್ಲ. ಮೂರು ದಿನಗಳ ಬಿಡುವು ಇದ್ದವರಿಗಾಗಿ ಈ ಲೇಖನ.

ಘಾಟಿಯ ತಿರುವುಗಳಲ್ಲಿ ಬೆಟ್ಟದ ಮೇಲಿಂದ ಕೆಳಕ್ಕೆ ಇಳಿಬಿಟ್ಟ ದೊಡ್ಡ ಕೊಳವೆಗಳು ಕಾಣುತ್ತವೆ. ಪೆರಿಯಾರಿನ ನೀರು ಅದು. ಪಶ್ಚಿಮಕ್ಕೆ ಹರಿದು ಅರಬಿ ಸಮುದ್ರ ಸೇರಬೇಕಾಗಿದ್ದ ನದಿಗೆ ಅಣೆಕಟ್ಟು ಕಟ್ಟಿ, ಬೆಟ್ಟಕ್ಕೆ ಸುರಂಗ ಕೊರೆದು, ಪೂರ್ವಕ್ಕೆ ತಿರುಗಿಸಿದವನು ಜಾನ್ ಪೆನ್ನಿಕ್ವಿಕ್ ಎಂಬ ಇಂಗ್ಲಿಷ್ ಎಂಜಿನಿಯರ್. ತಿರುವಿದಾಂಕೂರಿನೊಡನೆ 1886ರಲ್ಲಿ 999 ವರ್ಷಗಳ ಕರಾರು. 1895ರಲ್ಲಿ ಕೆಲಸ ಪೂರ್ಣ. ಮುಲ್ಲಪೆರಿಯಾರ್ ಎಂದರೆ ನಮಗೆ ಮಲಯಾಳ ಪತ್ರಿಕೆಗಳಲ್ಲಿ ಓದಿದ ಭಯ, ಕೋರ್ಟು, 142 ಅಡಿಯ ಲೆಕ್ಕ. ಘಾಟಿಯ ಕೆಳಗೆ ಅದೇ ಹೆಸರು ಅನ್ನದ ಹೆಸರು. ಲೋವರ್ ಕ್ಯಾಂಪಿನಲ್ಲಿ ಪೆನ್ನಿಕ್ವಿಕ್‌ಗೆ 2013ರಲ್ಲಿ ತೆರೆದ ಸ್ಮಾರಕವಿದೆ. ಅವನ ಹುಟ್ಟುಹಬ್ಬವಾದ ಜನವರಿ 15ರಂದು ಅವನ ಹೆಸರಿನಲ್ಲಿ ಪೊಂಗಲ್ ಇಕ್ಕುವವರೂ ಇದ್ದಾರೆ. ಒಂದೇ ಅಣೆಕಟ್ಟು ಮೇಲಿನಿಂದ ನೋಡಿದಾಗ ಒಂದು, ಕೆಳಗಿನಿಂದ ನೋಡಿದಾಗ ಇನ್ನೊಂದು. ಕೇರಳದಲ್ಲಿ ವಾಸಿಸುವ ನಾವು ಒಮ್ಮೆ ಕೆಳಗೆ ನಿಂತೂ ನೋಡುವುದು ಒಳ್ಳೆಯದು.

ಗೂಡಲೂರು ದಾಟಿದೊಡನೆ ರಸ್ತೆಯ ಎರಡೂ ಬದಿ ದ್ರಾಕ್ಷಿಯ ಚಪ್ಪರ. ಕಂಬಂ ಪನ್ನೀರ್ ದ್ರಾಕ್ಷಿ ಎಂದೇ ಇದಕ್ಕೆ ಹೆಸರು. 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ಬೇರೆಡೆ ವರ್ಷಕ್ಕೊಮ್ಮೆ ಬರುವ ಬೆಳೆ ಇಲ್ಲಿ ವರ್ಷವಿಡೀ ಯಾವುದಾದರೊಂದು ತೋಟದಲ್ಲಿ ಕೊಯ್ಲಿಗೆ ಸಿದ್ಧವಿರುತ್ತದೆ. ಅಡಿಕೆ ತೋಟದವರ ಕಣ್ಣಿಗೆ ಈ ಚಪ್ಪರದ ಕೆಲಸ ಹೊಸತು. ಒಂದು ಗಂಟೆ ಅಲ್ಲಿ ಕಳೆದರೆ ನಷ್ಟವಿಲ್ಲ.

ತಂಗುವುದಾದರೆ ತೇನಿಗಿಂತ ಕಂಬಂ ಮೇಲು. ತೇನಿ ಜಿಲ್ಲಾ ಕೇಂದ್ರ, ಸಂತೆಯ ಊರು, ಗದ್ದಲ ಹೆಚ್ಚು. ಕಂಬಂನಲ್ಲಿ ನೋಡಲೇಬೇಕಾದುದು ಒಂದು ದನದ ಹಟ್ಟಿ. ನಗಬೇಡಿ. ‘ತಂಬಿರಾನ್ ಮಾಟ್ಟು ತೊಳುವಂ’ ಎಂದು ಅದರ ಹೆಸರು. ಮಲಯಾಳದ ‘ತೊಳುತ್ತ್’ ಗೊತ್ತಿರುವ ನಮಗೆ ಅರ್ಥ ಬಿಡಿಸಬೇಕಾಗಿಲ್ಲ. ಇಲ್ಲಿ ದೇವರು ನಂದಗೋಪಾಲ. ಹಿಂಡೇ ದೇವರ ಸೊತ್ತು. ಈ ಹಿಂಡನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದವರು ಕನ್ನಡ ಮಾತನಾಡುವ ಒಕ್ಕಲಿಗರು. ತಮಿಳರು ಅವರನ್ನು ಕಪ್ಪಿಲಿಯರ್ ಎನ್ನುತ್ತಾರೆ. ತಮಿಳುನಾಡು ಸರಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಒಕ್ಕಲಿಗ, ಒಕ್ಕಲಿಗ ಗೌಡ, ಕಪ್ಪಿಲಿಯರ್ ಎಂಬ ಹೆಸರುಗಳು ಒಂದೇ ಸಾಲಿನಲ್ಲಿವೆ.

1906ರಲ್ಲಿ ಪ್ರಕಟವಾದ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಎಂಬ ಅಧಿಕಾರಿ ಈ ಹಿಂಡಿನ ಬಗ್ಗೆ ಬರೆದಿಟ್ಟಿದ್ದಾನೆ. ಹಿಂಡಿಗೊಬ್ಬ ರಾಜ, ಅಂದರೆ ಒಂದು ಹೋರಿ. ಅದು ಸತ್ತಾಗ ಉತ್ತರಾಧಿಕಾರಿಯನ್ನು ಆರಿಸುವುದು ಮನುಷ್ಯರಲ್ಲ. ಶುಭದಿನ ನೋಡಿ ಕುಲದವರೆಲ್ಲ ಸೇರುತ್ತಾರೆ. ಹಿಂಡಿನ ಮುಂದೆ ಕರ್ಪೂರ, ಬಾಳೆಹಣ್ಣು ಮೊದಲಾದ ಪೂಜಾಸಾಮಗ್ರಿಯೊಡನೆ ಒಂದು ಕಟ್ಟು ಕಬ್ಬು ಇಡುತ್ತಾರೆ. ಎಲ್ಲರೂ ಕಾದು ನಿಲ್ಲುತ್ತಾರೆ. ಯಾವ ಹೋರಿ ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ನಮ್ಮ ಪಂಚಾಯತು ಚುನಾವಣೆಗಳಿಗಿಂತ ತಂಟೆ ಕಡಿಮೆ ಎನ್ನಬೇಕು.

ಫ್ರಾನ್ಸಿಸ್ ದಾಖಲಿಸಿದ ಎರಡು ಮಾತುಗಳನ್ನು ಕನ್ನಡಿಗರು ನಿಂತು ಕೇಳಬೇಕು. ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎನ್ನುವ ಹಿಂಡಿಗೆ ಈ ಜನ ತಮ್ಮ ಮಾತಿನಲ್ಲಿ ‘ದೇವರು ಆವು’ ಎನ್ನುತ್ತಿದ್ದರು. ರಾಜ ಹೋರಿಗೆ ‘ಪಟ್ಟದ ಆವು’. ಆವು! ನಮ್ಮ ಮನೆಗಳಲ್ಲಿ ದನ ಇದೆ, ಹಸು ಇದೆ, ಆಕಳು ಇದೆ, ಆವು ಎಲ್ಲಿದೆ? ಹಳಗನ್ನಡದ ಪಾಠದಲ್ಲಿ, ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನ ಮೊದಲ ಪುಟಗಳಲ್ಲಿ. ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ ಶಬ್ದವನ್ನು, ಕನ್ನಡದ ಒಂದು ಅಕ್ಷರವನ್ನೂ ಕಲಿಯದ ದನಗಾಹಿಗಳು ಕಂಬಂನ ಹಟ್ಟಿಯಲ್ಲಿ ಬಳಸುತ್ತಿದ್ದರು.

ಈ ಜನ ಬಂದದ್ದು ಯಾವಾಗ? ಅರಸರ ಕಿರುಕುಳ ತಾಳಲಾರದೆ ಉತ್ತರದ ಕನ್ನಡ ಸೀಮೆಯಿಂದ ದಕ್ಷಿಣಕ್ಕೆ ಇಳಿದೆವೆಂಬುದು ಅವರ ಐತಿಹ್ಯ. ವಿಜಯನಗರದ ಆಳ್ವಿಕೆ ಮಧುರೆಯವರೆಗೆ ಹಬ್ಬಿದ ಕಾಲದಲ್ಲಿ ಕನ್ನಡ, ತೆಲುಗು ಮಾತಾಡುವ ಹಲವು ಕುಲಗಳು ಈ ಕಡೆ ನೆಲೆಸಿದವೆಂದು ಸಾಮಾನ್ಯವಾಗಿ ಹೇಳುವುದುಂಟು. ಅನುಪ್ಪರು ಎಂಬ ಇನ್ನೊಂದು ಕನ್ನಡ ಒಕ್ಕಲು ಸಮುದಾಯವೂ ಇದೇ ಭಾಗದಲ್ಲಿದೆ. ಅಂದರೆ ಕೆಲವು ಶತಮಾನಗಳ ಮಾತು. ಶಾಲೆಯ ಪಾಠ ತಮಿಳು, ಅಂಗಡಿಯ ಫಲಕ ತಮಿಳು, ಮದುವೆಯ ಕಾಗದ ತಮಿಳು. ಅವರ ಕನ್ನಡಕ್ಕೆ ಕಣ್ಣಿಲ್ಲ, ಕಿವಿ ಮಾತ್ರ. ಅಜ್ಜಿಯಿಂದ ಮೊಮ್ಮಗುವಿಗೆ ಕಿವಿಯಿಂದ ಕಿವಿಗೆ ಹೋದಷ್ಟೇ ಅದರ ಆಯುಸ್ಸು.

ಅಲ್ಲಿ ಮಾತಿಗೆ ನಿಂತಾಗ ಒಂದು ವಿಷಯ ಗಮನಕ್ಕೆ ಬರುತ್ತದೆ. ಹೊರಗಿನವರೊಡನೆ ಅವರು ಮೊದಲು ತಮಿಳಿನಲ್ಲೇ ಮಾತಾಡುತ್ತಾರೆ. ನಾವು ಕನ್ನಡದಲ್ಲಿ ಉತ್ತರಿಸಿದರೆ ಹಿರಿಯರು ಅರೆಗಳಿಗೆ ಸುಮ್ಮನಾಗಿ, ಬಳಿಕ ತಮ್ಮ ಮನೆಯ ಮಾತಿಗೆ ಇಳಿಯುತ್ತಾರೆ. ಅರ್ಧ ತಿಳಿಯುತ್ತದೆ, ಅರ್ಧ ತಮಿಳಿನ ಎಳೆಯಲ್ಲಿ ಕಳೆದುಹೋಗುತ್ತದೆ. ಕಿರಿಯರು ಕೇಳಿ ತಿಳಿಯುತ್ತಾರೆ, ಉತ್ತರ ತಮಿಳಿನಲ್ಲಿ ಕೊಡುತ್ತಾರೆ. ನಮ್ಮಲ್ಲಿ ಮಗುವನ್ನು ಕನ್ನಡ ಶಾಲೆಗೆ ಸೇರಿಸಬೇಕೇ ಬೇಡವೇ ಎಂದು ಚರ್ಚಿಸುವ ತಂದೆತಾಯಿಗಳು ಈ ಉತ್ತರವನ್ನು ಒಮ್ಮೆ ಕೇಳಿಸಿಕೊಳ್ಳಲಿ. ಶಾಲೆಯಿಲ್ಲದೆಯೂ ಭಾಷೆ ಇಷ್ಟು ಕಾಲ ಬಾಳಿತಲ್ಲ ಎಂದು ಧೈರ್ಯ ತಾಳುವವರೂ ಇರಬಹುದು. ಆದರೆ ಆಗ ಊರು ಊರಾಗಿಯೇ ಇತ್ತು, ಮದುವೆ ಸಂಬಂಧ ಒಳಗೊಳಗೇ ನಡೆಯುತ್ತಿತ್ತು, ಮನೆಯಲ್ಲಿ ಟಿ.ವಿ. ಇರಲಿಲ್ಲ.

ಎರಡನೆಯ ದಿನ ಬೋಡಿನಾಯಕನೂರಿಗೆ ಹೋಗಬಹುದು. ಇಡುಕ್ಕಿಯ ಬೆಟ್ಟಗಳಲ್ಲಿ ಬೆಳೆದ ಏಲಕ್ಕಿ ಇಲ್ಲಿನ ವ್ಯಾಪಾರಿಗಳ ಕೈಗೆ ಬರುತ್ತದೆ. ಸ್ಪೈಸಸ್ ಬೋರ್ಡಿನ ಹರಾಜು ಕೇಂದ್ರ ಇಲ್ಲೊಂದು, ಕೇರಳದ ಪುಟ್ಟಡಿಯಲ್ಲೊಂದು. ಬೇರೇನೂ ವಿಶೇಷವಿಲ್ಲ. ಮೀಟರ್ ಗೇಜ್ ಮುಚ್ಚಿದ ಬಳಿಕ ಹನ್ನೆರಡು ವರ್ಷ ರೈಲಿಲ್ಲದೆ ಇದ್ದ ಊರಿಗೆ 2023ರಲ್ಲಿ ಮತ್ತೆ ರೈಲು ಬಂದಿದೆ.

ಮೂರನೆಯ ದಿನ ದಿಂಡಿಗಲ್ಲಿಗೆ ಮೀಸಲು. ‘ತಿಂಡು’ ಎಂದರೆ ತಮಿಳಿನಲ್ಲಿ ದಿಂಬು. ದಿಂಬಿನಂಥ ಕಲ್ಲು ತಿಂಡುಕ್ಕಲ್. ಊರಿನ ಪಕ್ಕದಲ್ಲೇ ಬೋಳು ಬಂಡೆ, ಅದರ ಮೇಲೆ ಕೋಟೆ. ಕಟ್ಟಿಸಲು ತೊಡಗಿದವನು ಮಧುರೆಯ ಮುತ್ತುಕೃಷ್ಣಪ್ಪ ನಾಯಕ, 1605ರಲ್ಲಿ. ಬಿಸಿಲೇರುವ ಮುನ್ನ ಹತ್ತಬೇಕು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ, ನೆರಳಿಲ್ಲ. ತುದಿಯಲ್ಲೊಂದು ಗುಡಿ, ಗರ್ಭಗುಡಿ ಬರಿದು. ಮೂರ್ತಿಗಳಿಗೆ ಈಗ ಕೆಳಗೆ ಊರಿನ ದೇವಾಲಯದಲ್ಲಿ ಪೂಜೆ.

ಕನ್ನಡ ನಾಡಿನ ಚರಿತ್ರೆಗೆ ಈ ಬಂಡೆಯೊಂದು ತಿರುವು. 1755ರಲ್ಲಿ ಮೈಸೂರಿನ ಸರಕಾರ ಹೈದರಾಲಿ ಎಂಬ ಸೇನಾನಿಯನ್ನು ದಿಂಡಿಗಲ್ಲಿನ ಫೌಜುದಾರನನ್ನಾಗಿ ನೇಮಿಸಿತು. ಇಲ್ಲಿಯ ಪಾಳೆಯಗಾರರನ್ನು ಮಣಿಸಿ, ಫ್ರೆಂಚ್ ಕುಶಲಿಗಳನ್ನು ಕರೆಸಿ ಆಯುಧಶಾಲೆ ಹೂಡಿ, ಹಣ ಮತ್ತು ಸೈನ್ಯ ಎರಡನ್ನೂ ಕೂಡಿಸಿಕೊಂಡ. ಆರು ವರ್ಷಗಳಲ್ಲಿ ಅವನೇ ಮೈಸೂರಿನ ಯಜಮಾನ. ಶಿವಗಂಗೆಯ ರಾಣಿ ವೇಲು ನಾಚ್ಚಿಯಾರ್ ರಾಜ್ಯ ಕಳೆದುಕೊಂಡು ಆಶ್ರಯ ಬೇಡಿದ್ದು ಅವನಲ್ಲೇ. ದಿಂಡಿಗಲ್ ಸಮೀಪದ ವಿರೂಪಾಕ್ಷಿಯಲ್ಲಿ ಸುಮಾರು ಎಂಟು ವರ್ಷ ಇದ್ದು, 1780ರಲ್ಲಿ ಆಕೆ ಶಿವಗಂಗೆಯನ್ನು ಮರಳಿ ಪಡೆದಳು. ಊರಿನ ಬೇಗಂಪುರದ ಮಸೀದಿಯಲ್ಲಿ ಹೈದರನ ತಂಗಿಯ ಗೋರಿಯಿದೆ; ಪೇಟೆಗೆ ಹೆಸರು ಬಂದದ್ದು ಆ ಬೇಗಮಳಿಂದ.

1790ರಲ್ಲಿ ಕಂಪೆನಿಯ ಸೇನೆ ಕೋಟೆಯನ್ನು ಹಿಡಿಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಕಂಪೆನಿಯ ಪಾಲಾಯಿತು. ಮಲಬಾರು ಅವರ ಕೈಸೇರಿದ್ದೂ ಅದೇ ಕಾಗದದಿಂದ. ಕನ್ನಡ ಜಿಲ್ಲೆ ಮಾತ್ರ 1799ರವರೆಗೆ ಟಿಪ್ಪುವಿನಲ್ಲಿ ಉಳಿಯಿತು. ಕೆಳದಿ ನಾಯಕರು ಕಟ್ಟಿ, ಹೈದರ ಗೆದ್ದು, ಕಂಪೆನಿ ಕಸಿದುಕೊಂಡ ನಮ್ಮ ಬೇಕಲವನ್ನು ನೋಡಿದವರಿಗೆ ದಿಂಡಿಗಲ್ಲಿನ ಕಥೆ ಹೊಸತೆನಿಸದು. ಅಲ್ಲಿ ಕೆಳಗೆ ಕಡಲು, ಇಲ್ಲಿ ಕೆಳಗೆ ಬಿರಿಯಾನಿ ಹೋಟೆಲುಗಳು.

ದಿಂಡಿಗಲ್ಲಿನಿಂದ ಮಧುರೆಯ ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಚಿನ್ನಾಳಪಟ್ಟಿ, ಸುಂಗುಡಿ ಸೀರೆಯ ಊರು. ಇಲ್ಲಿ ನೇಯುವ ದೇವಾಂಗರಲ್ಲಿ ಕನ್ನಡ ಮನೆಮಾತಿನವರಿದ್ದಾರೆ, ಕುಲದೇವತೆ ಚೌಡೇಶ್ವರಿ. ಹೆಂಗಸರಿಗೆ ಸೀರೆ ಕೊಳ್ಳುವುದಿದ್ದರೆ ದರ ಕೇಳುವಾಗ ಕನ್ನಡದಲ್ಲಿ ಕೇಳಿ ನೋಡಬಹುದು. ದರ ಇಳಿಯುತ್ತದೆಂಬ ಭರವಸೆ ಕೊಡಲಾರೆ. ಪಕ್ಕದಲ್ಲೇ ಗಾಂಧಿಗ್ರಾಮ, 1947ರಲ್ಲಿ ಡಾ. ಸೌಂದರಂ ಮತ್ತು ಅವರ ಪತಿ, ಮಲಯಾಳಿ ಗಾಂಧೀವಾದಿ ಜಿ. ರಾಮಚಂದ್ರನ್ ಕಟ್ಟಿದ ಸಂಸ್ಥೆ.

ಹೋಗುವಾಗ ಕೋಟ್ಟಯಂವರೆಗೆ ರೈಲು, ಅಲ್ಲಿಂದ ಕುಮಳಿಗೆ ಬಸ್ಸು. ಬರುವಾಗ ದಿಂಡಿಗಲ್ಲಿನಿಂದ ಪಳನಿ, ಪೊಳ್ಳಾಚಿ ಮೂಲಕ ಪಾಲಕ್ಕಾಡಿಗೆ ರೈಲಿದೆ. ಅಲ್ಲಿ ಬದಲಿಸಿದರೆ ಕಾಸರಗೋಡು. ಕಂಬಂನ ಹಿಂಡನ್ನು ಜನಸಂದಣಿಯೊಡನೆ ನೋಡಬೇಕೆಂದಿದ್ದರೆ ಮಕರ ಸಂಕ್ರಮಣದ ಮರುದಿನ, ಮಾಟ್ಟುಪ್ಪೊಂಗಲ್ ದಿನ ಹೋಗಬೇಕು. ಅಂದು ತಂಗಲು ಕೋಣೆ ಸಿಗುವುದು ಕಷ್ಟ; ಮೊದಲೇ ಗೊತ್ತುಮಾಡಿಕೊಳ್ಳಿ.