ಮೀನಿನ ಹೊಂಡದ ಗೋಡು, ಮಾವಿನ ಸಸಿ

ಸಾಕಿದ ಮೀನು ಒಂದು ಕಿಲೋ ತೂಗುವಷ್ಟು ಬೆಳೆಯಲು ಸುಮಾರು ಒಂದೂವರೆ ಕಿಲೋ ಗುಳಿಗೆ ಆಹಾರ ತಿನ್ನುತ್ತದೆ. ಅದರಲ್ಲಿ ಶೇ. 30ರಷ್ಟು ಪ್ರೋಟೀನ್ ಇದೆಯೆಂದು ಹಿಡಿದರೆ, ಒಳಗಿರುವ ಸಾರಜನಕ 72 ಗ್ರಾಂ. ಮೀನಿನ ಮೈಗೆ ಹತ್ತುವುದು ಸುಮಾರು 26 ಗ್ರಾಂ ಮಾತ್ರ. ಮಿಕ್ಕ 46 ಗ್ರಾಂ ನೀರುಪಾಲು. 100 ಗ್ರಾಂ ಯೂರಿಯಾದಲ್ಲಿ ಇರುವ ಸಾರಜನಕವೂ ಹೆಚ್ಚುಕಡಿಮೆ ಇಷ್ಟೇ. ಒಂದಷ್ಟು ಗಾಳಿಗೆ ಹಾರಿಹೋಗುತ್ತದೆ, ಒಂದಷ್ಟನ್ನು ಪಾಚಿ ತಿನ್ನುತ್ತದೆ. ಉಳಿದದ್ದು ನೀರಿನಲ್ಲಿ ಕರಗಿಯೋ ತಳದಲ್ಲಿ ಕೂತೋ ಇರುತ್ತದೆ. ಗೆಂಡೆ ಮೀನಿಗೆ ಗುಳಿಗೆಯ ಬದಲು ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಹಾಕುವವರ ಹೊಂಡದಲ್ಲಿ ಅಂಕಿ ಬದಲಾಗಬಹುದು, ಕಥೆ ಬದಲಾಗುವುದಿಲ್ಲ: ಹಾಕಿದ ಆಹಾರದ ಹೆಚ್ಚಿನ ಸತ್ವ ಮೀನಿನ ಹೊರಗೇ ಉಳಿಯುತ್ತದೆ.

ಈ ಸತ್ವವನ್ನು ಗಿಡಕ್ಕೆ ಹಾಕುವುದು ಹೊಸ ಬುದ್ಧಿಯೇನಲ್ಲ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಗೋಡನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ ರೂಢಿ. ಚೀನಾದ ಹುಝೌ ಸೀಮೆಯಲ್ಲಿ ಮೀನಿನ ಕೊಳದ ಕೆಸರನ್ನು ದಂಡೆಯ ಹಿಪ್ಪುನೇರಳೆಗೆ ಹಾಕಿ, ಎಲೆಯನ್ನು ರೇಷ್ಮೆಹುಳುವಿಗೆ, ಹುಳುವಿನ ಹಿಕ್ಕೆಯನ್ನು ಮತ್ತೆ ಮೀನಿಗೆ ಕೊಡುತ್ತಾರೆ. ಶತಮಾನಗಳಿಂದ ನಡೆದುಬಂದ ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಕೃಷಿ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಆದರೆ ಹೊಲವೂ ಬಲಿತ ಮರವೂ ಹೆಚ್ಚು ಬಿದ್ದರೂ ತಡೆದುಕೊಳ್ಳುತ್ತವೆ. ಪಾಲಿಥಿನ್ ಚೀಲದೊಳಗಿನ ಸಸಿಗೆ ಆ ಅವಕಾಶವಿಲ್ಲ. ಅದರ ಬೇರಿಗೆ ಸಿಕ್ಕಿರುವುದು ಎರಡು ಬೊಗಸೆ ಮಣ್ಣು. ಅಲ್ಲಿ ತಪ್ಪಿದ ಅಳತೆಯಿಂದ ಓಡಿಹೋಗಲು ಬೇರಿಗೆ ಜಾಗವಿಲ್ಲ. ಹಾಗಾಗಿ ಸಸಿ ಬೆಳೆಸುವ ಈ ಕಸುಬಿನಲ್ಲಿ ಗೊಬ್ಬರ ಹಾಕುವುದಕ್ಕಿಂತ ಯಾವಾಗ ಹಾಕಬೇಕು, ಯಾವಾಗ ಕೈ ಕಟ್ಟಿ ನಿಲ್ಲಬೇಕು ಎಂಬುದನ್ನು ತಿಳಿಯುವುದೇ ದೊಡ್ಡದು.

ಕೋಲಾರದ ಕಡೆಯ ಬಯಲುಸೀಮೆಯಲ್ಲಿ ಕಾಲವೇ ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ. ಮಳೆಗಾಲದಲ್ಲಿ ಕೃಷಿ ಹೊಂಡ ತುಂಬಿದ ಮೇಲೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿ ಬಿಟ್ಟರೆ, ನೀರು ಇಳಿಯುವ ಏಪ್ರಿಲ್–ಮೇ ಹೊತ್ತಿಗೆ ಬಲೆ ಹಾಕಬಹುದು. ಮೀನು ಹಿಡಿದ ಮೇಲೆ ತಳದ ಗೋಡು ಕೈಗೆ ಸಿಗುತ್ತದೆ, ಒಣಗಿಸಲು ಬೇಸಗೆಯ ಬಿಸಿಲೂ ಇರುತ್ತದೆ. ಅದು ಹದಕ್ಕೆ ಬರುವಷ್ಟರಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ಸುಗ್ಗಿ. ಮಾವಿನ ಓಟೆಯನ್ನು ರಾಗಿಯಂತೆ ಕಣಜದಲ್ಲಿಟ್ಟು ಕಾಯುವಂತಿಲ್ಲ. ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣು ತಿಂದ ಬೆನ್ನಿಗೇ ಊರಬೇಕಾದ ಓಟೆಗೆ, ಆಗತಾನೆ ಸಿದ್ಧವಾದ ಗೋಡು ಒದಗುತ್ತದೆ.

ಹೊಂಡದಿಂದ ಎತ್ತಿದ ಗೋಡು ಕಪ್ಪಗಿರುತ್ತದೆ, ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯಿಲ್ಲದ ತಳದಲ್ಲಿ ಹುಟ್ಟಿದ ಹೈಡ್ರೋಜನ್ ಸಲ್ಫೈಡ್ ಅನಿಲದ ವಾಸನೆ ಅದು. ಈ ಸ್ಥಿತಿಯಲ್ಲಿ ಅದು ಬೇರಿಗೆ ವಿಷ. ನುರಿತವರು ಅದನ್ನು ಗುಡ್ಡೆ ಹಾಕುವುದಿಲ್ಲ, ತೆಳ್ಳಗೆ ಹರಡುತ್ತಾರೆ. ಮೇಲ್ಪದರ ಬಿರಿದಾಗ ಸಲಿಕೆಯಿಂದ ಮಗುಚಿ, ಹೆಂಟೆ ಒಡೆದು, ಮತ್ತೆ ಬಿಸಿಲಿಗೆ ಬಿಡುತ್ತಾರೆ. ಗಾಳಿಯಾಡಿದಂತೆ ಬಣ್ಣ ಕಪ್ಪಿನಿಂದ ಬೂದುಗಂದಿಗೆ ತಿರುಗುತ್ತದೆ, ನಾತ ಹೋಗಿ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಗೋಡು ಹದಕ್ಕೆ ಬಂತೆಂದು ಮೂಗೇ ಹೇಳುತ್ತದೆ.

ಮುಂದಿನದು ಮಿಶ್ರಣ. ಮಣ್ಣಿನ ಹೊಂಡದ ಗೋಡಿನಲ್ಲಿ ರಂಜಕ ಧಾರಾಳ, ಜೊತೆಗೆ ನುಣುಪು ಜೇಡಿಯೂ ಧಾರಾಳ. ಅದೊಂದನ್ನೇ ಚೀಲಕ್ಕೆ ತುಂಬಿದರೆ ನೀರು ಹಾಕಿದಾಗ ಅಂಟು, ಒಣಗಿದಾಗ ಇಟ್ಟಿಗೆ. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಕೊಟ್ಟಿಗೆ ಗೊಬ್ಬರ ಒಂದು ಪಾಲು ಎಂಬುದು ನರ್ಸರಿಗಳ ಪರಿಚಿತ ಲೆಕ್ಕ. ಮೊದಲ ವರ್ಷ ಆ ಗೊಬ್ಬರದ ಅರ್ಧದಷ್ಟನ್ನು ಮಾತ್ರ ಗೋಡಿಗೆ ಬಿಟ್ಟುಕೊಡುವುದು ಜಾಣತನ. ಗೋಡು ಹೆಚ್ಚಿಸಿದಂತೆ ಮರಳನ್ನೋ ತೆಂಗಿನ ನಾರಿನ ಪುಡಿಯನ್ನೋ ಹೆಚ್ಚಿಸಬೇಕು. ಮೀನಿನ ಆಹಾರದಲ್ಲಿ ಪೊಟ್ಯಾಷ್ ಕಡಿಮೆ, ಗೋಡಿನಲ್ಲೂ ಕಡಿಮೆ. ಒಲೆಯ ಬೂದಿ ಒಂದು ಹಿಡಿ ಸೇರಿಸಿದರೆ ಆ ಕೊರತೆ ನೀಗುತ್ತದೆ. ಆದರೆ ಹೊಂಡಕ್ಕೆ ಸುಣ್ಣ ಜಾಸ್ತಿ ಹಾಕಿದ್ದರೆ ಗೋಡು ಮೊದಲೇ ಕ್ಷಾರವಾಗಿರುತ್ತದೆ, ಅಲ್ಲಿ ಬೂದಿ ಬೇಡ. ನಿಂಬೆ ಜಾತಿಯ ಸಸಿಗಳು ಅಂಥ ಮಣ್ಣಿನಲ್ಲಿ ಕಬ್ಬಿಣಾಂಶ ಸಿಗದೆ ಹಳದಿಯಾಗುತ್ತವೆ.

ಮಿಶ್ರಣ ಹದವಾಗಿದೆಯೇ ಎಂದು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕಿಲ್ಲ. ಒಂದು ಚೀಲದಲ್ಲಿ ಗೋಡಿನ ಮಿಶ್ರಣ, ಇನ್ನೊಂದರಲ್ಲಿ ಬರೀ ಮಣ್ಣು ತುಂಬಿ ಎರಡರಲ್ಲೂ ಹೆಸರುಕಾಳು ಹಾಕಿದರೆ ವಾರದೊಳಗೆ ಉತ್ತರ ಸಿಗುತ್ತದೆ. ಗೋಡಿನ ಚೀಲದಲ್ಲಿ ಮೊಳಕೆ ಕಡಿಮೆಯಾದರೆ ಅಥವಾ ಬೇರಿನ ತುದಿ ಕಂದಾದರೆ, ಇನ್ನೂ ಬಿಸಿಲು ಕಾಯಿಸಬೇಕು. ನೂರಾರು ಓಟೆ ಊರುವ ಮೊದಲು ಹತ್ತು ಹೆಸರುಕಾಳಿನ ಸಾಕ್ಷ್ಯ ಕೇಳುವ ಈ ವಿವೇಕ ಮೆಚ್ಚತಕ್ಕದ್ದು.

ಓಟೆ ಊರಿದ ಮೇಲೆ ಕೈ ಕಟ್ಟಿ ನಿಲ್ಲುವ ಕಾಲ. ಮಾವಿನ ಬೀಜದ ದಪ್ಪ ಬೇಳೆಗಳಲ್ಲಿ ಮೊದಲ ವಾರಗಳಿಗೆ ಸಾಕಾಗುವಷ್ಟು ಆಹಾರವಿದೆ. ಆಗ ಹೊಂಡದ ನೀರು ಹೊಯ್ದರೆ ಬೆಳವಣಿಗೆ ಹೆಚ್ಚುವುದಿಲ್ಲ, ಬುಡ ಕೊಳೆಸುವ ಶಿಲೀಂಧ್ರಕ್ಕೆ ತಂಪು ಸಿಗುತ್ತದೆ ಅಷ್ಟೇ. ತಾಮ್ರದ ಬಣ್ಣದ ಎಳೆಯೆಲೆ ಬಿಚ್ಚುವ ಹೊತ್ತಿಗೆ ಓಟೆ ಕಸಿ ಕಟ್ಟುತ್ತಾರೆ: ಎಳೆ ಕಾಂಡದ ತಲೆ ಕತ್ತರಿಸಿ, ನಡುವೆ ಸೀಳಿ, ಬೆಣೆಯಂತೆ ಹೆರೆದ ಕಸಿಕಡ್ಡಿಯನ್ನು ಕೂರಿಸಿ, ಪಟ್ಟಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕೊಳವೆ ಮುಚ್ಚುತ್ತಾರೆ. ಗಾಯ ಕೂಡುವವರೆಗೂ ಸಪ್ಪೆ ನೀರೇ. ಕಸಿಕಡ್ಡಿ ಚಿಗುರಿ, ಎಲೆ ಹಸಿರಿಗೆ ತಿರುಗಿದ ಮೇಲಷ್ಟೇ ಹೊಂಡದ ನೀರಿಗೆ ಅಪ್ಪಣೆ. ಪರಂಗಿಯ ಲೆಕ್ಕ ಬೇರೆ. ಅದರ ಬೀಜ ಮೆಣಸಿನಕಾಳಿನಷ್ಟು, ಒಳಗಿನ ಬುತ್ತಿಯೂ ಅಷ್ಟೇ. ಎರಡು ನಿಜವಾದ ಎಲೆ ಮೂಡಿದೊಡನೆ ಅದಕ್ಕೆ ಹಸಿವು ಶುರು. ಆರರಿಂದ ಎಂಟು ವಾರದಲ್ಲಿ ಹೊಲಕ್ಕೆ ಹೋಗಬೇಕಾದ ಸಸಿ ಕಾಯುತ್ತ ಕೂರುವುದಿಲ್ಲ.

ನೀರಿನದು ಇನ್ನೊಂದು ಹದ. ಮೀನು ಕಿವಿರಿನ ಮೂಲಕ ಬಿಡುವ ಅಮೋನಿಯಾ ಹೆಚ್ಚಾದರೆ ಎಳೆ ಬೇರನ್ನು ಸುಡುತ್ತದೆ. ನೀರಿನಲ್ಲೂ ತೊಟ್ಟಿಯ ಗೋಡೆಯಲ್ಲೂ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಮತ್ತೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ರಷ್ಯನ್ ವಿಜ್ಞಾನಿ ಸರ್ಗೇ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ವಿರಳವಾಗಿ ಮೀನು ಬಿಟ್ಟ ಕೃಷಿ ಹೊಂಡದ ನೀರನ್ನು ನೇರವಾಗಿ ಹಾಕಬಹುದು. ಒತ್ತಾಗಿ ಮೀನು ಸಾಕುವ ಸಿಮೆಂಟ್ ತೊಟ್ಟಿಯ ನೀರಾದರೆ, ಬೇರೊಂದು ತೊಟ್ಟಿಯಲ್ಲಿ ಗಾಳಿಯಾಡಲು ಬಿಟ್ಟು, ಸಮಪಾಲು ಸಪ್ಪೆ ನೀರು ಬೆರೆಸಿ, ಎಲೆಗೆ ಸಿಡಿಯದಂತೆ ಬುಡಕ್ಕೆ ಹಾಕಬೇಕು. ಹಸಿರು ನೀರು ಹಾಕುತ್ತ ಹೋದಂತೆ ಚೀಲದ ಮೇಲ್ಮಣ್ಣಿಗೆ ಪಾಚಿಯ ಹೊದಿಕೆ ಬರುತ್ತದೆ, ನೀರು ಒಳಗಿಳಿಯದೆ ಅಂಚಿನಲ್ಲಿ ಹರಿದುಹೋಗುತ್ತದೆ. ಒಂದು ಕಡ್ಡಿ ಹಿಡಿದು ಚೀಲ ಚೀಲದ ಮೇಲ್ಪದರವನ್ನೂ ಕೆದಕುವ ತಾಳ್ಮೆ ಈ ಕೆಲಸಕ್ಕೆ ಬೇಕು.

ತೊಟ್ಟಿಯ ತಳದಿಂದ ಹೊರಬಿಡುವ ತೆಳು ಕೆಸರಿಗೆ ಬಿಸಿಲೊಂದೇ ಸಾಲದು. ಅದರಲ್ಲಿ ಸಾರಜನಕ ಹೆಚ್ಚು, ಇಂಗಾಲ ಕಡಿಮೆ. ಒಣಗಿದ ತರಗೆಲೆ, ನಾರಿನ ಪುಡಿಯಲ್ಲಿ ಹೀರಿಸಿ ಎರಡು ಮೂರು ವಾರ ಕೊಳೆಸಿದ ಮೇಲೆ ಎರೆಹುಳು ಬಿಡುತ್ತಾರೆ. ಅವಸರಪಟ್ಟು ಮೊದಲೇ ಬಿಟ್ಟರೆ ಅಮೋನಿಯಾದ ಘಾಟಿಗೆ ಹುಳು ಸಾಯುತ್ತವೆ. ಇನ್ನು ಕೆಲವನ್ನು ನರ್ಸರಿಯ ಹತ್ತಿರಕ್ಕೂ ಬಿಡಬಾರದು: ಮೀನಿನ ರೋಗಕ್ಕೆಂದು ಕಲ್ಲುಪ್ಪು ಅಥವಾ ಔಷಧಿ ಹಾಕಿದ ನೀರು, ಕರಾವಳಿಯ ಸಿಗಡಿ ಹೊಂಡಗಳ ಚೌಳು ಕೆಸರು. ಮಾವು ಉಪ್ಪನ್ನು ಸಹಿಸದ ಗಿಡ. ಎಲೆಯ ತುದಿ ಸುಟ್ಟಂತಾಗಿ ದೂರು ಹೇಳುತ್ತದೆ.

ಮಾರುವ ಎರಡು ವಾರ ಮೊದಲು ಮತ್ತೆ ಎಲ್ಲವನ್ನೂ ನಿಲ್ಲಿಸುತ್ತಾರೆ. ಸಾರಜನಕ ಉಂಡು ಉದ್ದಕ್ಕೆ ಬೆಳೆದ ಮೆತ್ತನೆಯ ಚಿಗುರು ನೋಡಲು ಚೆಂದ, ಕೀಟಗಳಿಗೂ ರುಚಿ. ನೀರು ಕಡಿಮೆ ಮಾಡಿ, ನೆರಳಿನಿಂದ ಬಿಸಿಲಿಗೆ ಸರಿಸಿದಾಗ ಕಾಂಡ ಬಲಿಯುತ್ತದೆ. ಕೊಳ್ಳುವವರೂ ಎತ್ತರಕ್ಕೆ ಮರುಳಾಗದೆ ಹೆಬ್ಬೆರಳಿನಿಂದ ಬುಡ ಒತ್ತಿ ನೋಡಬೇಕು, ಚೀಲದ ತೂತಿನಲ್ಲಿ ಇಣುಕುವ ಬೇರು ಬೆಳ್ಳಗಿದೆಯೇ ಗಮನಿಸಬೇಕು.

ಒಂದು ಸಸಿಗೆ ನರ್ಸರಿಯಲ್ಲಿರುವಷ್ಟು ಕಾಲ ಬೇಕಾದ ಸಾರಜನಕ ಕೆಲವೇ ಗ್ರಾಂ. ಮೊದಲಿನ ಲೆಕ್ಕದಲ್ಲಿ ಒಂದು ಟನ್ ಮೀನು ಹಿಂದೆ ಬಿಡುವುದು 46 ಕಿಲೋ. ಹಾಗಾಗಿ ದೊಡ್ಡ ಮೀನು ಸಾಕಣೆಯ ತ್ಯಾಜ್ಯವನ್ನೆಲ್ಲ ಸಸಿಗಳೇ ಮುಗಿಸಿಯಾವು ಎಂದು ನಂಬುವಂತಿಲ್ಲ. ಹೆಚ್ಚಿನದು ತೋಟಕ್ಕೆ, ಮೇವಿನ ಹುಲ್ಲಿಗೆ ಹೋಗಬೇಕು. ನರ್ಸರಿಗೆ ಸೇರುವ ಪಾಲು ಚಿಕ್ಕದೇ, ಆದರೆ ಬೆಲೆ ಕಟ್ಟಿಸಿಕೊಳ್ಳುವುದು ಆ ಪಾಲೇ. ಹೊಂಡದ ದಡದಲ್ಲಿ ಯಾರೂ ಕಾಸು ಕೊಟ್ಟು ಕೊಳ್ಳದ ಗೋಡು, ಒಂದೆರಡು ಮಳೆಗಾಲದೊಳಗೆ ಕಸಿ ಗಿಡದ ಬೆಲೆಯಲ್ಲಿ ಪೇಟೆಗೆ ಹೊರಡುತ್ತದೆ. ಆ ಏರಿಕೆಗೆ ಬೇಕಾದ ಯಂತ್ರ ಯಾವುದೂ ಇಲ್ಲ. ಬೇಕಾದದ್ದು ಬಿಸಿಲು, ಮೂಗು, ಹತ್ತು ಹೆಸರುಕಾಳು ಮತ್ತು ಕೊಡಬೇಕಾದಾಗ ಮಾತ್ರ ಕೊಡುವ ಕೈ.